ಮೂಗಿಗೆ ಸಿಗದ ಅರೋಮ್ಯಾಟಿಕ್

(ಮೈಸೂರಿನ ಸರಸ್ವತೀಪುರಂ. ಅತ್ತೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಅಳಿಯನದು ಚಿಕ್ಕ ಊದಿನಕಡ್ಡಿ ಕಾರ್ಖಾನೆ.)

ಅಳಿಯ: ಅತ್ತೆ, ಈ ಕಾಗದ ಒಂಚೂರು ನೋಡಿ. ಹೊಸ ಡಬ್ಬದ ಜೊತೆ ಬಂತು. ‘ಅರೋಮ್ಯಾಟಿಕ್ ಎಸ್ಟರ್’ ಅಂತ ಎರಡು ಕಡೆ ಬರೆದಿದ್ದಾರೆ. ಮುಚ್ಚಳ ತೆಗೆದು ಮೂಗಿಟ್ಟರೆ ವಾಸನೆಯ ಸುಳಿವೇ ಇಲ್ಲ. ಕಲಬೆರಕೆ ಮಾಲು ದಾಟಿಸಿದಾರೋ ಏನೋ ಅಂತ ಅನುಮಾನ.

ಅತ್ತೆ: ಯಾವ ಮಾಲು?

ಅಳಿಯ: ಡಿ.ಇ.ಪಿ. ಸೆಂಟು ತೆಳು ಮಾಡೋಕೆ ಬೆರೆಸ್ತೀವಲ್ಲ, ಅದು. ಕಚ್ಚಾ ಬತ್ತೀನ ಬರೀ ಸೆಂಟಲ್ಲಿ ಅದ್ದುತ್ತಾ ಹೋದರೆ ಆರು ತಿಂಗಳಿಗೆ ಬಾಗಿಲು ಹಾಕ್ಕೊಂಡು ಮನೇಲಿ ಕೂರಬೇಕಾಗುತ್ತೆ.

ಅತ್ತೆ: ಡೈಈಥೈಲ್ ಥ್ಯಾಲೇಟು. ಹಾಗಾದ್ರೆ ಕಾಗದದಲ್ಲಿ ತಪ್ಪಿಲ್ಲ. ಅದಕ್ಕೆ ವಾಸನೆ ಇಲ್ಲ ಅಂತಲೇ ನಿಮ್ಮ ಕಸುಬಿನವರು ಅದನ್ನ ತರಿಸೋದು. ಅದಕ್ಕೂ ಒಂದು ವಾಸನೆ ಇದ್ದಿದ್ದರೆ ನಿನ್ನ ಮಲ್ಲಿಗೆ ಸೆಂಟಿನ ಗತಿ ಏನಾಗ್ತಿತ್ತು ಹೇಳು.

ಅಳಿಯ: ಅದು ಸರಿ. ಆದರೆ ವಾಸನೆ ಇಲ್ಲದ್ದಕ್ಕೆ ಅರೋಮ್ಯಾಟಿಕ್ ಅಂತ ಯಾಕೆ ಬರೀಬೇಕು? ಅರೋಮ ಅಂದ್ರೆ ಪರಿಮಳ. ನಮ್ಮ ಪ್ಯಾಕೆಟ್ಟಿನ ಮೇಲೂ ಹಾಕ್ಕೊಂಡಿದೀವಿ.

ಅತ್ತೆ: ಇನ್ನೊಂದು ಹೇಳ್ತೀನಿ, ಸಿಟ್ಟಾಗಬೇಡ. ನೀನು ಬೀರುವಿಗೆ ಬೀಗ ಹಾಕಿ ಇಟ್ಟಿದೀಯಲ್ಲ ಶ್ರೀಗಂಧದ ಎಣ್ಣೆ ಸೀಸೆ, ಅದರಲ್ಲಿರೋದು ಹೆಚ್ಚಿನಂಶ ಸ್ಯಾಂಟಲಾಲ್. ಅದು ಅರೋಮ್ಯಾಟಿಕ್ ಅಲ್ಲ.

ಅಳಿಯ: ಮೈಸೂರಲ್ಲಿ ಕೂತ್ಕೊಂಡು ಈ ಮಾತು ಆಡ್ತೀರಾ? ಮಾನಂದವಾಡಿ ರಸ್ತೆಗೆ ಹೋಗಿ ಗಂಧದೆಣ್ಣೆ ಕಾರ್ಖಾನೆ ಗೇಟಿನ ಮುಂದೆ ನಿಂತು ಹೇಳಿ ನೋಡೋಣ.

ಅತ್ತೆ: ಒಳಗಿರೋ ರಸಾಯನಶಾಸ್ತ್ರದವರು ಹೌದು ಅಂತ ತಲೆಯಾಡಿಸ್ತಾರೆ, ಅಷ್ಟೇ. ನೋಡು, ಪ್ರಯೋಗಾಲಯದಲ್ಲಿ ಈ ಪದ ಹೇಳೋವಾಗ ಯಾರೂ ಮೂಗಿನ ಕಡೆ ನೋಡಲ್ಲ. ಅಣುವಿನಲ್ಲಿ ಒಂದು ತರಹದ ಉಂಗುರ ಇದೆಯಾ, ಆ ಉಂಗುರದಲ್ಲಿ ಎಲೆಕ್ಟ್ರಾನುಗಳು ಒಂದು ತರಹ ಹಂಚಿಕೊಂಡಿವೆಯಾ ಅನ್ನೋದಷ್ಟೇ ಪ್ರಶ್ನೆ. ನಿನ್ನ ಡಿ.ಇ.ಪಿ.ಯಲ್ಲಿ ಬೆಂಜೀನ್ ಉಂಗುರ ಇದೆ, ಆದ್ದರಿಂದ ಅರೋಮ್ಯಾಟಿಕ್. ಸ್ಯಾಂಟಲಾಲಿನಲ್ಲಿ 15 ಇಂಗಾಲ, 24 ಜಲಜನಕ, 1 ಆಮ್ಲಜನಕ. ಉಂಗುರಗಳೂ ಇವೆ, ಆದರೆ ಆ ತರಹದ್ದಲ್ಲ.

ಅಳಿಯ: ‘ಆ ತರಹದ್ದು’ ಅಂದ್ರೆ? ಮಗಳು ಎರಡನೇ ಪಿಯುಸಿ. ಷಟ್ಕೋನ ಬರೆದು ಒಳಗೊಂದು ಸೊನ್ನೆ ಸುತ್ತುತಾಳೆ. ಕೇಳಿದ್ರೆ ‘ಅಪ್ಪಾ, ರೆಸೊನೆನ್ಸು’ ಅಂತಾಳೆ. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಅತ್ತೆ: ಆ ಸೊನ್ನೆಯಲ್ಲೇ ಎಲ್ಲ ಇರೋದು. ಅಗ್ರಹಾರದ ಹಳೇ ವಠಾರ ನೆನಪಿದೆಯಾ, ನಿಮ್ಮ ತಾತ ಇದ್ದದ್ದು? ಸುತ್ತ ಆರು ಮನೆ, ಮಧ್ಯೆ ಒಂದೇ ಅಂಗಳ. ಬೆಂಜೀನೂ ಹಾಗೇ. ಆರು ಇಂಗಾಲ ಸುತ್ತಲೂ ಕೂತಿವೆ. ಪಕ್ಕದವರ ಜೊತೆ ಒಂದೊಂದು ಬಂಧ, ಹೊರಗಡೆ ಒಂದು ಜಲಜನಕದ ಜೊತೆ ಬಂಧ. ಅದೆಲ್ಲ ಆದ ಮೇಲೆ ಪ್ರತಿ ಇಂಗಾಲದ ಹತ್ತಿರ ಒಂದು ಎಲೆಕ್ಟ್ರಾನು ಉಳಿಯುತ್ತೆ. ಆ ಆರನ್ನ ಎರಡೆರಡಾಗಿ ಜೋಡಿ ಮಾಡಿ ‘ಈ ಅಂಗಳದ ತುಂಡು ನಿನಗೆ, ಆ ತುಂಡು ಅವರಿಗೆ’ ಅಂತ ಗೋಡೆ ಹಾಕೋ ಹಾಗಿಲ್ಲ. ಆರೂ ಇಡೀ ಅಂಗಳಕ್ಕೆ ಸೇರಿದವು.

ಅಳಿಯ: ಅಂಗಳ ಹಂಚಿಕೊಂಡರೆ ಜಗಳ ಜಾಸ್ತಿ ಆಗಬೇಕು.

ಅತ್ತೆ: ಮನುಷ್ಯರಲ್ಲಿ. ಇಲ್ಲಿ ನೆಮ್ಮದಿ ಜಾಸ್ತಿ, ಅದನ್ನ ಅಳೆದೂ ಇದ್ದಾರೆ. ಒಂದೇ ಒಂದು ಜೋಡಿಬಂಧ ಇರೋ ಆರಿಂಗಾಲದ ಉಂಗುರಕ್ಕೆ ಹೈಡ್ರೋಜನ್ ಸೇರಿಸಿದರೆ ಮೋಲ್‌ಗೆ ಸುಮಾರು 120 ಕಿಲೋಜೂಲ್ ಶಾಖ ಹೊರಗೆ ಬರುತ್ತೆ. ಬೆಂಜೀನಿನಲ್ಲಿ ಮೂರು ಜೋಡಿಬಂಧ ಇದೆ ಅಂತ ಲೆಕ್ಕ ಹಾಕಿದರೆ 360 ಬರಬೇಕು. ಬರೋದು ಸುಮಾರು 208. ಮಿಕ್ಕ 150 ಚಿಲ್ಲರೆ ಕಿಲೋಜೂಲ್ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಆ ಅಣು ಮೊದಲಿನಿಂದಲೇ ಅಷ್ಟು ಕೆಳಗೆ, ಅಷ್ಟು ಸ್ಥಿರವಾಗಿ ಕೂತಿತ್ತು.

ಅಳಿಯ: ಅದಕ್ಕೇ ಬದಲಾಗೋಕೆ ಒಪ್ಪಲ್ಲ ಅನ್ನಿ.

ಅತ್ತೆ: ಒಪ್ಪುತ್ತೆ, ಆದರೆ ತನ್ನ ಷರತ್ತಿನ ಮೇಲೆ. ಸಾಮಾನ್ಯ ಜೋಡಿಬಂಧದ ಮೇಲೆ ಬ್ರೋಮೀನ್ ನೀರು ಹಾಕಿದರೆ ಅದರ ಬಣ್ಣ ಹೋಗುತ್ತೆ, ಬ್ರೋಮೀನ್ ಬಂದು ಸೇರಿಕೊಳ್ಳುತ್ತೆ. ಬೆಂಜೀನಿಗೆ ಹಾಕು, ಬಣ್ಣ ಹಾಗೇ ನಿಂತಿರುತ್ತೆ. ಕಬ್ಬಿಣದ ಲವಣದಂಥ ವೇಗವರ್ಧಕ ಕೊಟ್ಟು ಒತ್ತಾಯ ಮಾಡಿದರೆ ಬ್ರೋಮೀನ್ ಒಳಗೆ ಬರುತ್ತೆ, ಆದರೆ ಒಂದು ಜಲಜನಕ ಖಾಲಿ ಮಾಡಿ ಹೋಗಬೇಕು. ವಠಾರಕ್ಕೆ ಹೊಸ ಬಾಡಿಗೆದಾರ ಬಂದ, ಹಳಬ ಒಬ್ಬ ಹೋದ. ಅಂಗಳಕ್ಕೆ ಮಾತ್ರ ಗೋಡೆ ಏಳಲಿಲ್ಲ. ಸೇರ್ಪಡೆ ಅಲ್ಲ, ಅದಲುಬದಲು. ಅರೋಮ್ಯಾಟಿಕ್ ಅನ್ನೋದರ ನಡವಳಿಕೆಯ ಗುರುತು ಇದು. ನಾನು ಹುಡುಗರಿಗೆ ಮೊದಲು ಹೇಳ್ತಿದ್ದದ್ದು ಇದನ್ನೇ, ಚಿತ್ರ ಆಮೇಲೆ.

ಅಳಿಯ: ಚಿತ್ರ ಯಾರಾದ್ರೂ ಕಣ್ಣಾರೆ ನೋಡಿದಾರಾ? ಇಲ್ಲ, ಎಲ್ಲ ಊಹೆಯೋ?

ಅತ್ತೆ: ಕ್ಯಾಥ್ಲೀನ್ ಲಾನ್ಸ್‌ಡೇಲ್ ಅಂತ ಒಬ್ಬಾಕೆ, 1929ರಲ್ಲಿ, ಬೆಂಜೀನಿನ ಆರು ಮೂಲೆಗೂ ಮೀಥೈಲ್ ಗುಂಪು ಅಂಟಿದ ಒಂದು ಹರಳಿನ ಮೇಲೆ ಎಕ್ಸರೇ ಹಾಯಿಸಿ ನೋಡಿದಳು. ಉಂಗುರ ಚಪ್ಪಟೆ, ಆರು ಬದಿಯೂ ಸಮ. ಸಾಮಾನ್ಯ ಒಂಟಿ ಬಂಧದ ಉದ್ದ 1.54 ಆಂಗ್‌ಸ್ಟ್ರಾಮ್, ಜೋಡಿಬಂಧದ್ದು 1.34. ಬೆಂಜೀನಿನಲ್ಲಿ ಎಲ್ಲ ಬದಿಯೂ ಸುಮಾರು 1.39. ಒಂಟಿಯೂ ಅಲ್ಲ, ಜೋಡಿಯೂ ಅಲ್ಲ. ಪುಸ್ತಕದವರೆಲ್ಲ ಕೆಕುಲೆಯ ಹಾವಿನ ಕನಸು ಹೇಳಿ ಹೇಳಿ ಇವಳನ್ನ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ಕೆಕುಲೆ 1865ರಲ್ಲಿ ಉಂಗುರ ಹೇಳಿದ್ದು ನಿಜ. ಆ ಕನಸಿನ ಕತೆ ಹೇಳಿದ್ದು ಮಾತ್ರ 25 ವರ್ಷ ಆದ ಮೇಲೆ, ಸನ್ಮಾನದ ಸಭೆಯಲ್ಲಿ. ಸನ್ಮಾನದ ಭಾಷಣಗಳನ್ನ ನಾನು ಅಷ್ಟು ನಂಬಲ್ಲ.

ಅಳಿಯ: ಸರಿ, ಉಂಗುರದ ಮಾತು ಒಪ್ಪಿದೆ. ಆದರೆ ಹೆಸರು ನಮ್ಮದು ಅತ್ತೆ. ಪರಿಮಳದ ಅಂಗಡಿಯಿಂದ ಪದ ಎತ್ತಿಕೊಂಡು ಹೋಗಿ ವಾಸನೆ ಇಲ್ಲದ ಡಬ್ಬಕ್ಕೆ ಅಂಟಿಸೋದು ನ್ಯಾಯವಾ?

ಅತ್ತೆ: ಪದ ಮಾತ್ರ ಅಲ್ಲ, ಮಾಲೂ ನಿಮ್ಮ ಅಂಗಡಿಯಿಂದಲೇ ಹೋಗಿದ್ದು. ದೇವರಾಜ ಮಾರುಕಟ್ಟೆಯಲ್ಲಿ ಸಾಂಬ್ರಾಣಿ ತಗೋತೀಯಲ್ಲ, ಅದಕ್ಕೆ ಮುಸಲ್ಮಾನ ಅಂಗಡಿಯವರು ಏನಂತಾರೆ?

ಅಳಿಯ: ಲೋಬಾನ.

ಅತ್ತೆ: ಅರಬ್ಬಿಯ ಲುಬಾನ್. ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ ಅಂಟು ಅರಬ್ಬರ ಕೈಗೆ ಬಂದಾಗ ಅದನ್ನ ‘ಲುಬಾನ್ ಜಾವಿ’ ಅಂದರು, ಜಾವಾ ಕಡೆಯ ಲೋಬಾನ ಅಂತ. ಯುರೋಪಿನ ವರ್ತಕರು ಅದರ ಮೊದಲಕ್ಷರವನ್ನ ತಮ್ಮ ಭಾಷೆಯ ‘ದಿ’ ತರಹದ ಆರ್ಟಿಕಲ್ ಅಂದ್ಕೊಂಡು ಉದುರಿಸಿದರು. ಉಳಿದದ್ದು ಬೆಂಜಾವಿ, ಬೆಂಜೊಯಿನ್. ಆ ಅಂಟನ್ನ ಕಾಯಿಸಿದರೆ ಬಿಳಿ ಹರಳು ಹಾರಿ ಮೇಲೆ ಕೂರುತ್ತೆ, ಅದು ಬೆಂಜೋಯಿಕ್ ಆಮ್ಲ. ಮಿಟ್ಷರ್‌ಲಿಷ್ ಅನ್ನೋ ಜರ್ಮನ್ 1833ರ ಸುಮಾರಿಗೆ ಆ ಆಮ್ಲಕ್ಕೆ ಸುಣ್ಣ ಬೆರೆಸಿ ಕಾಯಿಸಿ ಒಂದು ದ್ರವ ಇಳಿಸಿದ. ಅದೇ ಬೆಂಜೀನ್. ಎಂಟು ವರ್ಷ ಮುಂಚೆ, 1825ರಲ್ಲಿ, ಫ್ಯಾರಡೆ ಲಂಡನ್ನಿನ ದೀಪದ ಅನಿಲದ ಪಾತ್ರೆಗಳಲ್ಲಿ ಉಳಿದಿದ್ದ ಎಣ್ಣೆಯಿಂದ ಅದನ್ನೇ ಬೇರ್ಪಡಿಸಿದ್ದ. ಅವನು ಇಟ್ಟ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಸಾಂಬ್ರಾಣಿಯ ಹೆಸರೇ ಗೆದ್ದಿತು.

ಅಳಿಯ: ಹಾಗಾದ್ರೆ ಶುಕ್ರವಾರ ಸಂಜೆ ಕೆಂಡದ ಮೇಲೆ ಹಾಕೋ ಸಾಂಬ್ರಾಣಿಯಿಂದ ಬೆಂಜೀನ್!

ಅತ್ತೆ: ಹೆಸರು ಅಲ್ಲಿಂದ. ಈಗ ಮಾಲು ಬರೋದು ಪೆಟ್ರೋಲಿಯಮ್ಮಿನಿಂದ. ನಡುವೆ ಕಲ್ಲಿದ್ದಲ ಡಾಂಬರಿನ ಕಾಲ ಒಂದು ಬಂದುಹೋಯಿತು. ಇರಲಿ. ಆ ಕಾಲದಲ್ಲಿ ಇದೇ ಬಳಗದವು ಅಂತ ಗೊತ್ತಾದ ವಸ್ತುಗಳನ್ನ ನೋಡು: ಕಹಿ ಬಾದಾಮಿಯ ಎಣ್ಣೆ, ದಾಲ್ಚಿನ್ನಿ ಎಣ್ಣೆ, ವಿಂಟರ್‌ಗ್ರೀನ್ ಎಣ್ಣೆ, ದಕ್ಷಿಣ ಅಮೆರಿಕದ ಟೊಲು ಅಂಟು. ಟಾಲ್ಯೂಯಿನ್ ಅನ್ನೋ ಹೆಸರು ಆ ಟೊಲುವಿನಿಂದಲೇ. ಎಲ್ಲವೂ ಘಮ್ಮನೆಯವು. ಇವಕ್ಕೆಲ್ಲ ಇಂಗಾಲ ಜಾಸ್ತಿ, ಜಲಜನಕ ಕಮ್ಮಿ. ಹಾಫ್‌ಮನ್ ಅನ್ನೋ ರಸಾಯನಶಾಸ್ತ್ರಜ್ಞ 1855ರಲ್ಲಿ ಬೆಂಜೋಯಿಕ್ ಆಮ್ಲದ ಕಡೆಯ ಆಮ್ಲಗಳಿಗೆ ‘ಅರೋಮ್ಯಾಟಿಕ್’ ಅನ್ನೋ ಮಾತು ಬಳಸಿದ. ಯಾಕೆ ಆ ಮಾತು ಅಂತ ವಿವರಿಸೋಕೂ ಹೋಗಲಿಲ್ಲ. ಅವನು ಹೇಳ್ತಿದ್ದ ಆಮ್ಲಗಳಲ್ಲೇ ಎಷ್ಟಕ್ಕೋ ವಾಸನೆ ಇರಲಿಲ್ಲ.

ಅಳಿಯ: ಆವತ್ತೇ ಸುಳ್ಳು ಹೆಸರು.

ಅತ್ತೆ: ಸುಳ್ಳು ಅನ್ನಬೇಡ, ಅವಸರದ ಹೆಸರು ಅನ್ನು. ವಸ್ತುವಿನ ಒಳಗೇನಿದೆ ಅಂತ ತಿಳಿಯೋಕೆ ಮುಂಚೆ ಮೂಗಿಗೆ ಸಿಕ್ಕಿದ್ದನ್ನ ಹಿಡಿದು ಹೆಸರಿಟ್ಟರು. ಹತ್ತು ವರ್ಷದಲ್ಲಿ ಉಂಗುರ ಸಿಕ್ಕಿತು. ಆಗ ಮೂಗನ್ನ ಕೈಬಿಟ್ಟು ಹೆಸರನ್ನ ಉಳಿಸಿಕೊಂಡರು. ಎದುರು ಪಕ್ಷದ ಹೆಸರು ಕೇಳು: ಅಲಿಫ್ಯಾಟಿಕ್. ಗ್ರೀಕಿನಲ್ಲಿ ಕೊಬ್ಬು, ಎಣ್ಣೆ ಅನ್ನೋ ಪದದಿಂದ ಬಂದದ್ದು. ಕರ್ಪೂರ ಆ ಕಡೆಯದು. ಕರ್ಪೂರದಲ್ಲಿ ಕೊಬ್ಬಿದೆಯಾ?

ಅಳಿಯ: ಅದಕ್ಕೇ ಕೇಳೋದು, ಎರಡೂ ಹೆಸರು ತೆಗೆದುಹಾಕಿ. ‘ಬೆಂಜೀನ್ ಬಳಗ’ ಅಂದ್ರೆ ಆಯಿತಲ್ಲ.

ಅತ್ತೆ: ಆಗಲ್ಲ. ಬೆಂಜೀನೇ ಇಲ್ಲದ ಅರೋಮ್ಯಾಟಿಕ್ಕುಗಳಿವೆ. ಈಗ ಕುಡಿದೆಯಲ್ಲ ಫಿಲ್ಟರ್ ಕಾಫಿ, ಅದರ ಹುರಿದ ಘಮದಲ್ಲಿ ಫರ್‌ಫ್ಯೂರಿಲ್ ಥಯಾಲ್ ಅಂತ ಒಂದಿದೆ. ಅದರ ಉಂಗುರದಲ್ಲಿ ನಾಲ್ಕು ಇಂಗಾಲ, ಒಂದು ಆಮ್ಲಜನಕ. ಬೆಂಜೀನ್ ಅಲ್ಲ, ಆದರೂ ಅರೋಮ್ಯಾಟಿಕ್. ಕಾಫಿಯಲ್ಲೇ ಇರೋ ಪಿರಜೀನ್‌ಗಳಲ್ಲಿ ಎರಡು ಸಾರಜನಕ, ಅವೂ ಅರೋಮ್ಯಾಟಿಕ್. ಕಬ್ಬಿಣದ ಒಂದು ಪರಮಾಣುವನ್ನ ಎರಡು ಐದಿಂಗಾಲದ ಉಂಗುರಗಳ ನಡುವೆ ಹಿಡಿದಿಟ್ಟ ಫೆರೋಸೀನ್ 1951ರಲ್ಲಿ ಬಂತು. ಅದರ ಉಂಗುರಗಳೂ ಬೆಂಜೀನಿನ ಹಾಗೇ ನಡ್ಕೋತವೆ. ಇವರನ್ನೆಲ್ಲ ಎಲ್ಲಿ ಕೂರಿಸ್ತೀಯ?

ಅಳಿಯ: ಮತ್ತೆ ಯಾವ ಉಂಗುರಕ್ಕೆ ಈ ಯೋಗ, ಯಾವುದಕ್ಕಿಲ್ಲ ಅಂತ ಹೇಗೆ ತಿಳಿಯೋದು?

ಅತ್ತೆ: ಅದಕ್ಕೆ ಒಂದು ಲೆಕ್ಕ ಇದೆ, 1931ರಲ್ಲಿ ಹ್ಯೂಕೆಲ್ ಕೊಟ್ಟ ಸಿದ್ಧಾಂತದಿಂದ ಬಂದದ್ದು. ನಾಲ್ಕರ ಮಗ್ಗಿ ಹೇಳು, ಸೊನ್ನೆಯಿಂದ ಶುರು ಮಾಡು. ಪ್ರತಿಯೊಂದಕ್ಕೂ ಎರಡು ಕೂಡಿಸು. 2, 6, 10, 14. ಚಪ್ಪಟೆ ಉಂಗುರದ ಸುತ್ತ ಅಡೆತಡೆ ಇಲ್ಲದೆ ಓಡಾಡೋ ಎಲೆಕ್ಟ್ರಾನುಗಳು ಇಷ್ಟಿದ್ದರೆ ಸ್ಥಿರತೆ ಬರುತ್ತೆ. ಬೆಂಜೀನಿನಲ್ಲಿ 6. ನುಸಿಗುಳಿಗೆಯ ನಾಫ್ತಲೀನಿನಲ್ಲಿ 10. ಎಂಟು ಇಂಗಾಲದ ಉಂಗುರ ಮಾಡಿ ಒಂದು ಬಿಟ್ಟು ಒಂದು ಜೋಡಿಬಂಧ ಇಟ್ಟರೆ?

ಅಳಿಯ: ಎಂಟು ಎಲೆಕ್ಟ್ರಾನು. ಪಟ್ಟಿಯಲ್ಲಿ ಇಲ್ಲ.

ಅತ್ತೆ: ನಿನಗೆ ಬಂತು ನೋಡು. ವಿಲ್‌ಷ್ಟೆಟರ್ ಅನ್ನೋ ಮೇಧಾವಿ 20ನೇ ಶತಮಾನದ ಆರಂಭದಲ್ಲಿ ಅದನ್ನ ಮಾಡಿದ, ದಾಳಿಂಬೆ ಮರದ ತೊಗಟೆಯ ಒಂದು ಕ್ಷಾರವಸ್ತುವಿನಿಂದ, ಹಂತದ ಮೇಲೆ ಹಂತ ಏರಿ. ಕಾಗದದ ಮೇಲೆ ಬೆಂಜೀನಿನ ಅಣ್ಣನ ಹಾಗೆ ಕಾಣುತ್ತೆ. ಬ್ರೋಮೀನ್ ಹಾಕಿದರೆ ತಟ್ಟನೆ ಸೇರಿಸಿಕೊಳ್ಳುತ್ತೆ. ಚಪ್ಪಟೆಯೂ ಇಲ್ಲ, ದೋಣಿ ಹಾಗೆ ಬಾಗಿಕೊಂಡಿದೆ. ಯಾಕೆ ಹೀಗೆ ಅಂತ ಆವತ್ತು ಉತ್ತರ ಇರಲಿಲ್ಲ. ಅವನ ಮಾತನ್ನೇ ಅನುಮಾನಿಸಿದವರೂ ಇದ್ದರು. ಹ್ಯೂಕೆಲ್ ಲೆಕ್ಕ ಬಂದ ಮೇಲೆ ಗಂಟು ಬಿಚ್ಚಿತು.

ಅಳಿಯ: ಇದನ್ನ ಮಗಳಿಗೆ ಹೇಳಬೇಕು. ಅಲ್ಲಾ ಅತ್ತೆ, ನಮ್ಮೂರಿನ ವಾಸನೆಗಳನ್ನ ಒಂದೊಂದಾಗಿ ಹೇಳ್ತೀನಿ, ನೀವು ಹೌದು ಅಲ್ಲ ಅನ್ನಿ. ಲವಂಗ?

ಅತ್ತೆ: ಹೌದು. ಯೂಜೆನಾಲ್.

ಅಳಿಯ: ಮೈಸೂರು ವೀಳ್ಯದೆಲೆ?

ಅತ್ತೆ: ಹೌದು. ಆ ಘಾಟು ಯೂಜೆನಾಲ್, ಚಾವಿಕಾಲ್ ಇಂಥವುಗಳದ್ದು. ಎಲ್ಲಕ್ಕೂ ಬೆಂಜೀನ್ ಉಂಗುರ.

ಅಳಿಯ: ನಂಜನಗೂಡು ರಸಬಾಳೆ?

ಅತ್ತೆ: ಬಾಳೆಹಣ್ಣಿನ ವಾಸನೆ ಅಂತ ನಾವು ಗುರುತಿಸೋದರಲ್ಲಿ ಮುಖ್ಯ ಐಸೊಅಮೈಲ್ ಅಸಿಟೇಟ್. ಉಂಗುರವೇ ಇಲ್ಲ, ಬರೀ ಸರಪಳಿ.

ಅಳಿಯ: ಏಲಕ್ಕಿ?

ಅತ್ತೆ: ಸಿನಿಯೋಲ್, ಟರ್ಪಿನೈಲ್ ಅಸಿಟೇಟ್. ಉಂಗುರ ಇದೆ, ಅಂಗಳ ಇಲ್ಲ. ಅರೋಮ್ಯಾಟಿಕ್ ಅಲ್ಲ. ಕರ್ಪೂರವೂ ಹಾಗೇ.

ಅಳಿಯ: ವೆನಿಲ್ಲಾ?

ಅತ್ತೆ: ವೆನಿಲಿನ್. ನಿನ್ನ ಅರ್ಥದಲ್ಲೂ ನನ್ನ ಅರ್ಥದಲ್ಲೂ ಅರೋಮ್ಯಾಟಿಕ್. ಅದರ ಮೇಲೆ ನಮ್ಮಿಬ್ಬರಿಗೂ ಜಗಳ ಇಲ್ಲ.

ಅಳಿಯ: ಲಾವಂಚ ಬಿಡಿ, ಅಲ್ಲ ಅಂತೀರಿ ಅಂತ ಗೊತ್ತಾಯ್ತು. ಬಾಸ್ಮತಿ? ಅಂಗಡಿಯಲ್ಲಿ ‘ಅರೋಮ್ಯಾಟಿಕ್ ರೈಸ್’ ಅಂತಲೇ ಚೀಲದ ಮೇಲೆ ಇರುತ್ತೆ.

ಅತ್ತೆ: ಅದರ ಘಮಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪಿರೊಲೀನ್. ಸಾರಜನಕ ಇರೋ ಐದರ ಉಂಗುರ, ಆದರೆ ಲೆಕ್ಕ ಕೂಡಲ್ಲ. ಅರೋಮ್ಯಾಟಿಕ್ ಅಲ್ಲ.

ಅಳಿಯ: ಕೊನೇದು. ಮಲ್ಲಿಗೆ.

ಅತ್ತೆ: ಮಲ್ಲಿಗೆ ಒಂದು ವಸ್ತುವಲ್ಲ, ಸಂತೆ. ಮಲ್ಲಿಗೆ ಎಣ್ಣೆಯಲ್ಲಿ ಬೆಂಜೈಲ್ ಅಸಿಟೇಟ್ ಇದೆ, ಅರೋಮ್ಯಾಟಿಕ್. ಲಿನಲೂಲ್ ಇದೆ, ಅಲ್ಲ. ಜಾಸ್ಮೋನ್ ಅಂತ ಮಲ್ಲಿಗೆಯ ಹೆಸರನ್ನೇ ಹೊತ್ತದ್ದು ಇದೆ, ಅದೂ ಅಲ್ಲ. ಇಂಡೋಲ್ ಇದೆ, ಅರೋಮ್ಯಾಟಿಕ್. ಈ ಇಂಡೋಲನ್ನ ಬರೀ ಡಬ್ಬದಲ್ಲಿ ಮೂಸಿ ನೋಡಿದೀಯಾ?

ಅಳಿಯ: ರಾಮ ರಾಮ. ಚರಂಡಿ. ಹನಿಗೆ ಹನಿ ತೆಳು ಮಾಡಿ ಒಂದು ತೊಟ್ಟು ಹಾಕಿದರೆ ಮಾತ್ರ ಹೂವು ಜೀವಂತ ಆಗುತ್ತೆ. ಇಲ್ಲದಿದ್ರೆ ಮಲ್ಲಿಗೆ ಸೋಪಿನ ವಾಸನೆ.

ಅತ್ತೆ: ಅಲ್ಲಿ ನೀನು ಮೇಷ್ಟ್ರು, ನಾನು ವಿದ್ಯಾರ್ಥಿ. ಉಂಗುರ ಇದೆಯೋ ಇಲ್ಲವೋ ಹೇಳಬಲ್ಲೆ. ಎಷ್ಟು ಹಾಕಿದರೆ ಹೂವು, ಎಷ್ಟಕ್ಕೆ ಚರಂಡಿ ಅನ್ನೋದು ನನ್ನ ಪುಸ್ತಕದಲ್ಲಿ ಇಲ್ಲ.

ಅಳಿಯ: ಗಂಧದ ವಿಷಯ ಮಾತ್ರ ನನ್ನ ಗಂಟಲಲ್ಲಿ ಇಳೀತಿಲ್ಲ. ಜಗತ್ತಿಗೆಲ್ಲ ಗೊತ್ತಿರೋ ಪರಿಮಳ ಅದು.

ಅತ್ತೆ: ಪರಿಮಳಕ್ಕೆ ನಾನು ಕುಂದು ಹೇಳಿದೆನಾ? ಆ ಎಣ್ಣೆಯ ಕತೆಯೇ ರಸಾಯನಶಾಸ್ತ್ರದ ಕತೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಕೊರಡು ಹರಾಜಾಗಿ ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ಇಳಿಸೋರು ಅಲ್ಲಿನವರು. ಯುದ್ಧ ಬಂತು, ದಾರಿ ಕಟ್ಟಾಯಿತು, ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಬಟ್ಟಿ ಇಳಿಸೋ ಕ್ರಮ ಕೂಡಿಸಿಕೊಟ್ಟರು. ಸಡ್‌ಬರೊ ಅಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕ. 1916ರಿಂದ ಎಣ್ಣೆ ಇಳಿಯೋಕೆ ಶುರುವಾಯಿತು, ಮೈಸೂರಿನ ಕಾರ್ಖಾನೆಯೂ ಆ ಹೊತ್ತಿನದ್ದೇ. ಸೋಪಿನ ವಿದ್ಯೆ ಕಲಿಯೋಕೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿದರು.

ಅಳಿಯ: ಮೈಸೂರು ಸ್ಯಾಂಡಲ್ ಸೋಪು.

ಅತ್ತೆ: ಹೂಂ. ಎಣ್ಣೆ ಚೆನ್ನಾಗಿದೆಯಾ ಅಂತ ಪ್ರಯೋಗಾಲಯದವರು ನೋಡ್ತಿದ್ದದ್ದು ಒಟ್ಟು ಸ್ಯಾಂಟಲಾಲ್ ಎಷ್ಟು ಅಂತ. ನೂರಕ್ಕೆ 90ಕ್ಕೆ ಕಮ್ಮಿ ಇರಬಾರದು ಅನ್ನೋದು ಹಳೇ ಅಳತೆ. ಅರೋಮ್ಯಾಟಿಕ್ಕೋ ಅಲ್ಲವೋ ಅಂತ ಯಾರೂ ಕೇಳಲಿಲ್ಲ, ಕೇಳಬೇಕಾಗೂ ಇರಲಿಲ್ಲ. ನಿನ್ನ ಕಸುಬಿಗೆ ಹತ್ತಿರದ ಇನ್ನೊಂದು ಕೇಳು. ಅಗ್ಗದ ಗಂಧದಬತ್ತಿಗೆ ಹಾಕ್ತೀರಲ್ಲ ಐಸೊಬಾರ್ನೈಲ್ ಸೈಕ್ಲೊಹೆಕ್ಸನಾಲ್?

ಅಳಿಯ: ಹಾಕ್ತೀವಿ. ಅಸಲಿ ಗಂಧದೆಣ್ಣೆ ಹಾಕಿ ಹತ್ತು ರೂಪಾಯಿಗೆ ಪ್ಯಾಕೆಟ್ಟು ಕೊಡೋಕಾಗುತ್ತಾ?

ಅತ್ತೆ: ಅದನ್ನ ಮಾಡೋ ಕ್ರಮ ಹೀಗೆ. ಗ್ವಾಯಕಾಲ್ ಅನ್ನೋ ಅರೋಮ್ಯಾಟಿಕ್ ವಸ್ತುವಿಗೆ ಕರ್ಪೂರದ ಬಳಗದ ಕ್ಯಾಂಫೀನ್ ಕೂಡಿಸ್ತಾರೆ. ಆ ಹಂತದಲ್ಲಿ ಗಂಧದ ವಾಸನೆ ಇಲ್ಲ. ಆಮೇಲೆ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸ್ತಾರೆ. ಬೆಂಜೀನ್ ಉಂಗುರದ ಅಂಗಳ ಹೋಗಿ ಸಾಮಾನ್ಯ ಉಂಗುರ ಆಗುತ್ತೆ. ಗಂಧದ ವಾಸನೆ ಬರೋದು ಆಗ.

ಅಳಿಯ: ಅಂದ್ರೆ ಅರೋಮ್ಯಾಟಿಕ್ ಹೋದ ಮೇಲೆ ಅರೋಮ ಬಂತು!

ಅತ್ತೆ: ಇದನ್ನ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಅಳಿಯ: ಸರಿ, ಇಷ್ಟು ಹೇಳಿದ್ರಿ. ನನ್ನ ಪ್ಯಾಕೆಟ್ಟಿನ ಮೇಲಿರೋ ಪದ ಅಳಿಸಬೇಕಾ?

ಅತ್ತೆ: ಯಾಕೆ ಅಳಿಸ್ತೀಯ? ಕೊಳ್ಳೋರಿಗೆ ಅದು ಪರಿಮಳ ಅಂತಲೇ ಅರ್ಥ. ಸೆಂಟಿನ ವ್ಯಾಪಾರದಲ್ಲಿ ‘ಅರೋಮ ಕೆಮಿಕಲ್’ ಅಂದರೆ ವಾಸನೆ ಕೊಡೋ ವಸ್ತು, ಉಂಗುರ ಇರಲಿ ಬಿಡಲಿ. ಅದೂ ಸರಿಯಾದ ಬಳಕೆಯೇ. ನನ್ನ ತಕರಾರು ಒಂದೇ. ಸುರಕ್ಷತೆಯ ಕಾಗದ, ಕಾಯಿದೆಯ ಕಾಗದ, ಪೆಟ್ರೋಲಿನ ಮಾನದಂಡ, ಇವುಗಳಲ್ಲಿ ಈ ಪದ ಕಂಡರೆ ಮೂಗಿನ ಅರ್ಥ ಮಾಡ್ಕೋಬಾರದು. ಬಿಎಸ್-6 ಪೆಟ್ರೋಲಿನಲ್ಲಿ ಅರೋಮ್ಯಾಟಿಕ್ ನೂರಕ್ಕೆ 35 ಮೀರಬಾರದು, ಅದರೊಳಗೆ ಬೆಂಜೀನ್ 1 ಮೀರಬಾರದು ಅಂತ ಇದೆ. ಬಂಕಿನಲ್ಲಿ ಘಮಘಮ ಅನ್ನೋದನ್ನ ಕಮ್ಮಿ ಮಾಡೋಕಲ್ಲ ಅದು. ಬೆಂಜೀನ್ ಕ್ಯಾನ್ಸರ್ ತರೋ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಮೊದಲನೇ ಪಟ್ಟಿಯಲ್ಲಿ ಸೇರಿಸಿದೆ.

ಅಳಿಯ: ಅಯ್ಯೋ, ಹಾಗಾದ್ರೆ ನನ್ನ ಡಬ್ಬ?

ಅತ್ತೆ: ನೋಡಿದ್ಯಾ, ಈಗ ಈ ಕಡೆ ಜಾರಿದೆ. ಅರೋಮ್ಯಾಟಿಕ್ ಅಂದ ಮಾತ್ರಕ್ಕೆ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ತಲೆನೋವಿಗೆ ನುಂಗೋ ಪ್ಯಾರಸಿಟಮಾಲ್ ಅರೋಮ್ಯಾಟಿಕ್. ಅರಿಶಿನದ ಹಳದಿ, ಕರ್ಕ್ಯುಮಿನ್, ಅದರಲ್ಲಿ ಎರಡು ಬೆಂಜೀನ್ ಉಂಗುರ. ಪ್ರತಿ ವಸ್ತುವನ್ನೂ ಅದರದೇ ಹೆಸರಿನಿಂದ, ಅದರದೇ ಸಂಖ್ಯೆಯಿಂದ ವಿಚಾರಿಸಬೇಕು. ನಿನ್ನ ಕಾಗದದಲ್ಲಿ ಸಿಎಎಸ್ ಸಂಖ್ಯೆ ಅಂತ ಇರುತ್ತೆ ನೋಡು. ಡೈಈಥೈಲ್ ಥ್ಯಾಲೇಟಿಗೆ 84-66-2. ಬೆಂಜೀನಿಗೆ 71-43-2. ಬಳಗ ಒಂದೇ, ವಸ್ತು ಬೇರೆ.

ಅಳಿಯ: 84-66-2. ಇದೆ. ಮತ್ತೆ ಹೊಗೆ? ಗಿರಾಕಿಗಳು ಈಚೆಗೆ ಅದನ್ನ ಕೇಳ್ತಾರೆ.

ಅತ್ತೆ: ಕೇಳಲಿ, ಕೇಳಬೇಕು. ಕಟ್ಟಿಗೆ ಆಗಲಿ, ಇದ್ದಿಲು ಪುಡಿ ಆಗಲಿ, ಜಿಗಟು ಆಗಲಿ, ಹಾಲುಮಡ್ಡಿ ಆಗಲಿ, ಪೂರ್ತಿ ಉರಿಯದೆ ಹೊಗೆಯಾಡಿದರೆ ಸಣ್ಣ ಕಣಗಳೂ ಒಂದಿಷ್ಟು ಬೆಂಜೀನೂ ಉಂಗುರಕ್ಕೆ ಉಂಗುರ ಅಂಟಿದ ಅರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳೂ ಹುಟ್ಟುತ್ತವೆ. ‘ಸಾಂಪ್ರದಾಯಿಕ’ ಅಂತ ಪ್ಯಾಕೆಟ್ಟಿನ ಮೇಲೆ ಬರೆದರೆ ಅವು ಹುಟ್ಟದೇ ಇರಲ್ಲ. ಕಿಟಕಿ ತೆಗೆದಿಡಿ, ಮಗು ಮಲಗೋ ಕೋಣೆಯಲ್ಲಿ ಹಚ್ಚಬೇಡಿ ಅಂತ ಪ್ಯಾಕೆಟ್ಟಿನ ಹಿಂದೆ ಎರಡು ಸಾಲು ಹಾಕು. ಮಾರಾಟ ಕಮ್ಮಿ ಆಗಲ್ಲ.

ಅಳಿಯ: ಹಾಕ್ತೀನಿ. ನಮ್ಮಪ್ಪ ಇದ್ದಿದ್ರೆ ‘ಅಕ್ಕನ ಮಾತು ಕೇಳಿ ಅಂಗಡಿ ಮುಳುಗಿಸ್ತೀಯ’ ಅಂತಿದ್ರು. ಹೋಗಲಿ, ಮಗಳಿಗೆ ಒಂದು ಸಂಶಯ. ಯಾವುದೋ ಉಂಗುರ ಕೊಟ್ಟು ಇದು ಅರೋಮ್ಯಾಟಿಕ್ಕೋ ಅಲ್ಲವೋ ಬರೀರಿ ಅಂತ ಪ್ರಶ್ನೆ ಬರುತ್ತಂತೆ. ಹೌದು ಅಥವಾ ಅಲ್ಲ, ಎರಡೇ ಉತ್ತರವಾ? ಅರ್ಧಂಬರ್ಧ ಇರಲ್ವಾ?

ಅತ್ತೆ: ಇರುತ್ತೆ, ಪಿಯುಸಿಯಲ್ಲಿ ಹೇಳಲ್ಲ ಅಷ್ಟೇ. ಕಾಫಿಯ ಮಾತಿನಲ್ಲಿ ಬಂದ ಉಂಗುರ, ಫ್ಯೂರಾನ್, ಅದರ ಸ್ಥಿರತೆ ಬೆಂಜೀನಿಗಿಂತ ಬಹಳ ಕಮ್ಮಿ. ಮಲೀಯಿಕ್ ಅನ್‌ಹೈಡ್ರೈಡ್ ಕೊಟ್ಟರೆ ಸಾಮಾನ್ಯ ಜೋಡಿಬಂಧದ ವಸ್ತುವಿನ ಹಾಗೆ ಹೋಗಿ ಸೇರಿಕೊಳ್ಳುತ್ತೆ. ಆಮ್ಲಜನಕದ ಜಾಗಕ್ಕೆ ಗಂಧಕ ಹಾಕು, ಥಯೋಫೀನ್ ಆಗುತ್ತೆ, ಅದು ಬೆಂಜೀನಿಗೆ ಬಹಳ ಹತ್ತಿರ. ಸಾರಜನಕದ ಪಿರೋಲ್ ನಡುವೆ.

ಅಳಿಯ: ಎಷ್ಟು ಅರೋಮ್ಯಾಟಿಕ್ ಅಂತ ತೂಕ ಹಾಕೋ ತಕ್ಕಡಿ ಇಲ್ವಾ?

ಅತ್ತೆ: ಒಂದಲ್ಲ, ನಾಲ್ಕೈದು. ಅದೇ ತಂಟೆ. ಕೆಲವರು ಶಾಖದ ಲೆಕ್ಕದಿಂದ ಅಳೀತಾರೆ, ಕೆಲವರು ಬಂಧದ ಉದ್ದ ಎಷ್ಟು ಸಮ ಅಂತ ನೋಡ್ತಾರೆ. ಅಯಸ್ಕಾಂತ ಕ್ಷೇತ್ರದಲ್ಲಿ ಇಟ್ಟಾಗ ಉಂಗುರದ ಸುತ್ತ ಎಲೆಕ್ಟ್ರಾನಿನ ಹರಿವು ಹೇಗೆ ಏಳುತ್ತೆ ಅಂತ ನೋಡೋರು ಬೇರೆ. ಪಾಲ್ ಶ್ಲೈಯರ್ ಮತ್ತು ಜೊತೆಗಾರರು 1996ರಲ್ಲಿ ಉಂಗುರದ ನಟ್ಟನಡುವೆ ಗಣಿತದಲ್ಲೇ ಅಳೆಯೋ ಒಂದು ಕ್ರಮ ತಂದರು, ಈಗ ಅದು ಬಹಳ ಬಳಕೆಯಲ್ಲಿದೆ. ಬೆಂಜೀನಿಗೆ ಎಲ್ಲ ತಕ್ಕಡಿಯೂ ಒಂದೇ ಉತ್ತರ ಕೊಡುತ್ತೆ. ಬೆಂಜೀನಿನಿಂದ ದೂರ ಹೋದ ಹಾಗೆಲ್ಲ ಒಂದು ತಕ್ಕಡಿ ಹೌದು ಅನ್ನುತ್ತೆ, ಇನ್ನೊಂದು ಅಷ್ಟಿಲ್ಲ ಅನ್ನುತ್ತೆ. ಈ ಪದವನ್ನ ಇಷ್ಟು ಸಡಿಲವಾಗಿ ಬಳಸಬೇಡಿ ಅಂತ ದೊಡ್ಡ ದೊಡ್ಡವರು ಇವತ್ತಿಗೂ ಲೇಖನ ಬರೀತಾರೆ.

ಅಳಿಯ: ಅಂದ್ರೆ ನಾವು ಅಂಗಡಿಯವರು ಮಾತ್ರ ಅಲ್ಲ, ನಿಮ್ಮವರೂ ಸಡಿಲ.

ಅತ್ತೆ: ನಮ್ಮವರಲ್ಲಿ ಸಡಿಲ ಮಾಡಿದವರನ್ನ ಹಿಡಿಯೋಕೆ ಇನ್ನೊಬ್ಬ ಇರ್ತಾನೆ. ಅಷ್ಟೇ ವ್ಯತ್ಯಾಸ.

ಅಳಿಯ: ಪರೀಕ್ಷೆಯಲ್ಲಿ ಫ್ಯೂರಾನ್ ಬಂದ್ರೆ ಮಗಳು ಏನು ಬರೀಬೇಕು?

ಅತ್ತೆ: ಹೌದು ಅಂತ ಬರೀಲಿ, ಆರು ಎಲೆಕ್ಟ್ರಾನು ಎಣಿಸಿ ತೋರಿಸಲಿ. ಇಂಗಾಲಗಳಿಂದ ನಾಲ್ಕು, ಆಮ್ಲಜನಕದ ಒಂದು ಜೋಡಿ. ಆಮ್ಲಜನಕಕ್ಕೆ ಎರಡು ಜೋಡಿ ಇದೆ, ಎರಡನ್ನೂ ಎಣಿಸಿ ಎಂಟು ಮಾಡಿಬಿಟ್ಟಾಳು, ಹುಷಾರು. ಇನ್ನೊಂದು ಜೋಡಿ ಉಂಗುರದ ಸಮತಲದಲ್ಲೇ ಹೊರಗೆ ಮುಖ ಮಾಡಿರುತ್ತೆ, ಅದು ಲೆಕ್ಕಕ್ಕಿಲ್ಲ. ಭಾನುವಾರ ಕರಕೊಂಡು ಬಾ, ಚಿತ್ರ ಬರೆದು ತೋರಿಸ್ತೀನಿ.